ಸುದ್ದಿ ಕೊಟ್ಟವರಿಗೆ ಆಮೇಲೆ ಏನಾಯಿತು?

ಒಂದು ದೊಡ್ಡ ತನಿಖಾ ವರದಿ ಹೊರಗೆ ಬಂದರೆ ಎಲ್ಲರೂ ಕೇಳುವುದು, ಯಾರು ಸಿಕ್ಕಿಬಿದ್ದರು ಅಂತ. ಯಾರ ಕುರ್ಚಿ ಹೋಯಿತು, ಎಷ್ಟು ದುಡ್ಡು, ಯಾವ ಪ್ರಶಸ್ತಿ ಬಂತು. ತಪ್ಪೇನಿಲ್ಲ, ಅದಕ್ಕೇ ಅಲ್ವಾ ಇಷ್ಟೆಲ್ಲ ಕಷ್ಟಪಡುವುದು. ಆದರೆ ಈ ಕೆಲಸದಲ್ಲಿ ವರ್ಷಗಳು ಕಳೆದ ಹಾಗೆ ನನ್ನ ತಲೆಗೆ ಮೊದಲು ಬರುವ ಪ್ರಶ್ನೆಯೇ ಬೇರೆ ಆಗಿದೆ. ಈ ಕಾಗದ ತಂದುಕೊಟ್ಟವರು ಯಾರೋ, ಅವರು ಈಗ ಎಲ್ಲಿದ್ದಾರೆ? ಕೆಲಸ ಉಳಿದಿದೆಯಾ? ವರದಿಯಲ್ಲಿ ಹೆಸರು ಬಂದ ಆ ಸಣ್ಣ ನೌಕರ, ಮೇಲಿನವರು ಹೇಳಿದ್ದಕ್ಕೆ ಸಹಿ ಹಾಕಿದವನು, ಅವನ ಮನೆಯಲ್ಲಿ ಈಗ ಏನು ನಡೆಯುತ್ತಿದೆ?

ತನಿಖಾ ಪತ್ರಿಕೋದ್ಯಮದ ನೀತಿ ಅಂದ ಕೂಡಲೇ ಸತ್ಯ, ಸಾರ್ವಜನಿಕ ಹಿತ ಅನ್ನುವ ದೊಡ್ಡ ಮಾತುಗಳು ಬರುತ್ತವೆ. ಅವೆಲ್ಲ ಬೇಕು. ಆದರೆ ಈ ಕೆಲಸದ ಬೆಲೆಯನ್ನು ಜಾಸ್ತಿ ತೆರುವವರು ಅದರಲ್ಲಿ ಎಲ್ಲರಿಗಿಂತ ಕಡಿಮೆ ಬಲ ಇರುವವರು. ವರದಿಗಾರನ ಹಿಂದೆ ಸಾಮಾನ್ಯವಾಗಿ ಒಂದು ಸಂಸ್ಥೆ ಇರುತ್ತದೆ. ಆರೋಪ ಹೊತ್ತ ದೊಡ್ಡವರಿಗೆ ಅದಕ್ಕಿಂತ ದೊಡ್ಡ ವಕೀಲರು ಇರುತ್ತಾರೆ. ನಡುವೆ ಸಿಕ್ಕಿಕೊಂಡ ಅಕೌಂಟೆಂಟ್‌ಗೆ, ನರ್ಸ್‌ಗೆ, ಗುಮಾಸ್ತರಿಗೆ ಯಾರೂ ಇರುವುದಿಲ್ಲ. ಹಾಗಾಗಿ ಮೊದಲ ಫೋನ್ ಕಾಲ್‌ನಿಂದ ಹಿಡಿದು ವರದಿ ಬಂದು ತಿಂಗಳುಗಳಾದ ಮೇಲೂ, ಪ್ರತಿ ಹೆಜ್ಜೆಯನ್ನು ಆ ಮನುಷ್ಯನ ಜಾಗದಲ್ಲಿ ನಿಂತು ನೋಡಬೇಕು ಅಂತ ನಾನು ನಂಬಿದ್ದೇನೆ. ಕೆಲವರಿಗೆ ಇದು ಅತಿಯಾಯಿತು ಅನ್ನಿಸಬಹುದು. ಕೆಲವು ಘಟನೆಗಳನ್ನು ಹೇಳುತ್ತೇನೆ, ನೀವೇ ನೋಡಿ.

ಮೊದಲನೆಯದು ಮಾತು ಕೊಡುವ ವಿಷಯ. 1982ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಚುನಾವಣೆ ಹತ್ತಿರ ಬಂದಿತ್ತು. ಡ್ಯಾನ್ ಕೋಹೆನ್ ಎಂಬ ರಾಜಕೀಯ ಪ್ರಚಾರಕ ಎದುರು ಪಕ್ಷದ ಅಭ್ಯರ್ಥಿಯೊಬ್ಬರ ಹಳೆಯ ಕೋರ್ಟ್ ದಾಖಲೆಗಳನ್ನು ಕೆಲವು ವರದಿಗಾರರಿಗೆ ಕೊಟ್ಟರು. ನನ್ನ ಹೆಸರು ಹಾಕಬಾರದು ಅನ್ನುವುದು ಷರತ್ತು. ವರದಿಗಾರರು ಒಪ್ಪಿದರು. ಎರಡು ಪತ್ರಿಕೆಗಳ ಸಂಪಾದಕರು ಮಾತ್ರ, ಈ ದಾಖಲೆಗಿಂತ ಇದನ್ನು ಹಂಚುತ್ತಿರುವವರು ಯಾರು ಅನ್ನುವುದೇ ದೊಡ್ಡ ಸುದ್ದಿ ಅಂತ ತೀರ್ಮಾನಿಸಿ ಹೆಸರು ಹಾಕಿಬಿಟ್ಟರು. ಅದೇ ದಿನ ಕೋಹೆನ್ ಕೆಲಸ ಹೋಯಿತು. ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1991ರಲ್ಲಿ 5-4ರ ಬಹುಮತದಲ್ಲಿ ತೀರ್ಪು ಬಂತು: ಕೊಟ್ಟ ಮಾತು ಮುರಿದ ಪತ್ರಿಕೆಗೆ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ರಕ್ಷಣೆ ಸಿಗುವುದಿಲ್ಲ.

ಕೋಹೆನ್ ಮಾಡಿದ್ದು ಚುನಾವಣೆಯ ಕೊನೆ ಗಳಿಗೆಯ ರಾಜಕೀಯ, ಅವರ ಬಗ್ಗೆ ಅಯ್ಯೋ ಅನ್ನಿಸದೇ ಇರಬಹುದು. ಸಂಪಾದಕರ ವಾದದಲ್ಲಿ ಹುರುಳಿಲ್ಲ ಅಂತಲೂ ನಾನು ಹೇಳುವುದಿಲ್ಲ. ಓದುಗರಿಗೆ ಆ ಹೆಸರು ನಿಜಕ್ಕೂ ಮುಖ್ಯವಾಗಿತ್ತು. ಆದರೆ ಅದನ್ನು ಯೋಚಿಸಬೇಕಾಗಿದ್ದು ಕಾಗದ ಕೈಗೆ ತೆಗೆದುಕೊಳ್ಳುವ ಮೊದಲು. ಮಾತು ಕೊಟ್ಟವರು ಒಬ್ಬರು, ಅದನ್ನು ಉಳಿಸಬೇಕಾದವರು ಇನ್ನೊಬ್ಬರು, ಇಬ್ಬರೂ ಮೊದಲೇ ಕೂತು ಮಾತಾಡಿಲ್ಲ. ಇದು ಇವತ್ತಿಗೂ ಎಷ್ಟೋ ಸುದ್ದಿಮನೆಗಳಲ್ಲಿ ಹಾಗೇ ಇದೆ. ಹೊರಗೆ ನಿಂತು ಫೋನಿನಲ್ಲಿ "ಚಿಂತೆ ಬೇಡ ಸರ್, ನಿಮ್ಮ ಹೆಸರು ಎಲ್ಲೂ ಬರಲ್ಲ" ಅಂತ ವರದಿಗಾರ ಹೇಳಿಬಿಡುತ್ತಾನೆ. ಹಾಗೆ ಹೇಳುವ ಅಧಿಕಾರ ಅವನಿಗೆ ಇದೆಯಾ? ಸಂಪಾದಕರು ಹೆಸರು ಕೇಳಿದರೆ ಹೇಳುತ್ತಾನಾ? ಕೋರ್ಟ್ ಕೇಳಿದರೆ? ಪೊಲೀಸರು ಬಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರೆ? ಇವಕ್ಕೆಲ್ಲ ಉತ್ತರ ಇಟ್ಟುಕೊಂಡು, ಎದುರಿನವರು ಬಾಯಿ ಬಿಡುವ ಮೊದಲೇ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಹೆಸರು ಹಾಕಬಹುದಾ, ಹೆಸರಿಲ್ಲದೆ ಮಾತನ್ನು ಮಾತ್ರ ಹಾಕಬಹುದಾ, ಅಥವಾ ಮಾತನ್ನೂ ಹಾಕದೆ ಆ ಸುಳಿವು ಹಿಡಿದು ಬೇರೆ ಕಡೆ ಮಾತ್ರ ಹುಡುಕಬಹುದಾ, ಈ ಮೂರರಲ್ಲಿ ಯಾವುದಕ್ಕೆ ಅವರು ಒಪ್ಪಿದ್ದಾರೆ ಅನ್ನುವುದು ಇಬ್ಬರಿಗೂ ಗೊತ್ತಿರಬೇಕು. ದಿನಾ ಪತ್ರಕರ್ತರ ಜೊತೆ ಮಾತಾಡುವ ಮಂತ್ರಿಗೆ, ವಕ್ತಾರರಿಗೆ ಇದೆಲ್ಲ ಬಿಡಿಸಿ ಹೇಳಬೇಕಿಲ್ಲ. ಜೀವನದಲ್ಲಿ ಮೊದಲ ಸಲ ಪತ್ರಕರ್ತರೊಬ್ಬರ ಜೊತೆ ಮಾತಾಡುತ್ತಿರುವ ಲ್ಯಾಬ್ ಟೆಕ್ನಿಷಿಯನ್‌ಗೆ ಹೇಳಬೇಕು. ಅವರು ಹೆದರಿ ಹಿಂದೆ ಸರಿಯಬಹುದು. ಸರಿಯಲಿ.

ಮಾತು ಉಳಿಸಿಕೊಂಡವರೂ ಇದ್ದಾರೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡುವ ಹಾಗೆ ಮಾಡಿದ ವಾಟರ್‌ಗೇಟ್ ಪ್ರಕರಣದಲ್ಲಿ ವಾಷಿಂಗ್ಟನ್ ಪೋಸ್ಟ್‌ಗೆ ದಾರಿ ತೋರಿಸಿದ ಮಾರ್ಕ್ ಫೆಲ್ಟ್, ಆಗ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದವರು, ತಮ್ಮ ಗುರುತು ತಾವೇ ಬಿಟ್ಟುಕೊಟ್ಟಿದ್ದು 2005ರಲ್ಲಿ. ಅಷ್ಟು ವರ್ಷ ಆ ಪತ್ರಿಕೆಯ ವರದಿಗಾರರಾದ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಬಾಯಿ ಬಿಡಲಿಲ್ಲ. ನನಗೆ ಇನ್ನೂ ಹತ್ತಿರವಾದ ಉದಾಹರಣೆ ಬೋಫೋರ್ಸ್. ಜಿನೀವಾದಿಂದ ವರದಿ ಮಾಡುತ್ತಿದ್ದ ಚಿತ್ರಾ ಸುಬ್ರಮಣಿಯಂ ಅವರಿಗೆ 350ಕ್ಕೂ ಹೆಚ್ಚು ದಾಖಲೆ ಕೊಟ್ಟವರು ಸ್ಟೆನ್ ಲಿಂಡ್‌ಸ್ಟ್ರಾಮ್, ಸ್ವೀಡನ್ನಿನಲ್ಲಿ ಆ ತನಿಖೆಯ ಹೊಣೆ ಹೊತ್ತಿದ್ದ ಪೊಲೀಸ್ ಅಧಿಕಾರಿ. ಅವರ ಹೆಸರು ಹೊರಗೆ ಬಂದಿದ್ದು 2012ರಲ್ಲಿ, ಅದೂ ಅವರೇ ಒಪ್ಪಿ ಸಂದರ್ಶನ ಕೊಟ್ಟ ಮೇಲೆ. ಸಂಸತ್ತು, ಚುನಾವಣೆ, ಕೋರ್ಟು, ಸಿಬಿಐ ಎಲ್ಲ ಆಗಿಹೋಗಿದ್ದವು. ಅದೇ ಸಂದರ್ಶನದಲ್ಲಿ ಅವರು ಇನ್ನೊಂದು ವಿಷಯ ಹೇಳಿದರು. ಆ ಹಗರಣದಲ್ಲಿ ಬಚ್ಚನ್ ಕುಟುಂಬದ ಹೆಸರನ್ನು ಸ್ವೀಡನ್ನಿನ ಪತ್ರಿಕೆಯೊಂದಕ್ಕೆ ತಲುಪಿಸಿದ್ದು ಭಾರತದ ತನಿಖಾಧಿಕಾರಿಗಳು ಅಂತ. ಒಂದೇ ಪ್ರಕರಣ. ಒಂದು ಕಡೆ ದಶಕಗಳ ಕಾಲ ಕಾಪಾಡಿದ ಪ್ರಾಮಾಣಿಕ ಮೂಲ. ಇನ್ನೊಂದು ಕಡೆ ಯಾರೋ ಬೇಕೆಂದೇ ತೇಲಿಬಿಟ್ಟ ಹೆಸರು. ಸೋರ್ಸ್‌ಗಳನ್ನು, ಅಂದರೆ ಸುದ್ದಿ ಕೊಟ್ಟವರನ್ನು, ಕಾಪಾಡಬೇಕು ಅಂದರೆ ಅವರು ಹೇಳಿದ್ದನ್ನೆಲ್ಲ ನಂಬಬೇಕು ಅಂತಲ್ಲ. ಇವರು ಈಗ ಯಾಕೆ ನನ್ನ ಹತ್ತಿರ ಬಂದರು, ಇದರಿಂದ ಇವರಿಗೆ ಏನು ಸಿಗುತ್ತದೆ ಅಂತ ಕೇಳಿಕೊಳ್ಳದೆ ಇದ್ದರೆ ನಾವು ಯಾರದೋ ಜಗಳದಲ್ಲಿ ಕೈಗೊಂಬೆ ಆಗುತ್ತೇವೆ, ಏನೂ ಸಂಬಂಧವಿಲ್ಲದ ಇನ್ಯಾರೋ ವರ್ಷಗಟ್ಟಲೆ ಅವಮಾನ ಹೊರುತ್ತಾರೆ.

ಮಾತು ಉಳಿಸಬೇಕು ಅನ್ನುವ ಮನಸ್ಸಿದ್ದರೂ ಸಾಲದು, ಉಳಿಸುವುದು ಹೇಗೆ ಅಂತ ಗೊತ್ತಿರಬೇಕು. 2017ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ದಾಖಲೆಯೊಂದನ್ನು ರಿಯಾಲಿಟಿ ವಿನ್ನರ್ ಎಂಬ 25 ವರ್ಷದ ಗುತ್ತಿಗೆ ಉದ್ಯೋಗಿ ಒಂದು ಸುದ್ದಿ ಸಂಸ್ಥೆಗೆ ಅಂಚೆಯಲ್ಲಿ ಕಳಿಸಿದರು. ಇದು ಅಸಲಿಯೋ ನಕಲಿಯೋ ಅಂತ ಖಾತ್ರಿ ಮಾಡಿಕೊಳ್ಳಲು ಆ ಸಂಸ್ಥೆಯವರು ದಾಖಲೆಯ ಪ್ರತಿಯನ್ನೇ ಸರ್ಕಾರದ ಕಡೆಯವರಿಗೆ ತೋರಿಸಿದರು. ಅದರಲ್ಲಿ ಮಡಚಿದ ಗುರುತು ಕಾಣುತ್ತಿತ್ತು. ಅಂದರೆ ಯಾರೋ ಪ್ರಿಂಟ್ ತೆಗೆದು, ಮಡಚಿ, ಹೊರಗೆ ಒಯ್ದಿದ್ದಾರೆ. ಕಚೇರಿಯ ಲೆಕ್ಕ ತೆಗೆದರೆ ಅದನ್ನು ಪ್ರಿಂಟ್ ಮಾಡಿದ್ದವರು ಆರೇ ಜನ. ಅವರಲ್ಲಿ ಒಬ್ಬರ ಕಂಪ್ಯೂಟರಿನಿಂದ ಆ ಸುದ್ದಿ ಸಂಸ್ಥೆಗೆ ಹಿಂದೊಮ್ಮೆ ಇಮೇಲ್ ಹೋಗಿತ್ತು. ಅಷ್ಟೇ, ಮುಗಿಯಿತು. ಆಮೇಲೆ ಪ್ರಕಟವಾದ ಪುಟಗಳಲ್ಲಿ, ಬಣ್ಣದ ಪ್ರಿಂಟರ್‌ಗಳು ಕಣ್ಣಿಗೆ ಕಾಣದ ಹಾಗೆ ಹಾಕುವ ಹಳದಿ ಚುಕ್ಕೆಗಳೂ ಇದ್ದವು ಅಂತ ಹೊರಗಿನ ತಜ್ಞರು ತೋರಿಸಿದರು. ಪ್ರಿಂಟರಿನ ನಂಬರು, ದಿನ, ಸಮಯ ಎಲ್ಲ ಆ ಚುಕ್ಕೆಗಳಲ್ಲೇ ಇರುತ್ತವೆ. 2018ರಲ್ಲಿ ಆಕೆಗೆ 5 ವರ್ಷ 3 ತಿಂಗಳ ಶಿಕ್ಷೆ ಆಯಿತು. ಆಕೆಯ ಕಡೆಯಿಂದಲೂ ಎಚ್ಚರ ತಪ್ಪಿತ್ತು, ಕಚೇರಿ ಕಂಪ್ಯೂಟರಿನಿಂದ ಇಮೇಲ್ ಹೋಗಿತ್ತು, ನಿಜ. ಆದರೆ ಅದನ್ನೇ ಹಿಡಿದುಕೊಂಡು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಆಕೆಗೆ ಅದು ಮೊದಲ ಸಲ. ಸುದ್ದಿ ಸಂಸ್ಥೆಗೆ ಅದೇ ಕಸುಬು.

ಹಾಗಾಗಿ ಕೆಲವು ಅಭ್ಯಾಸಗಳನ್ನು ಬಿಡಲೇಬಾರದು. ಬಂದ ಕಾಗದವನ್ನು ಹಾಗೇ ಯಾರಿಗೂ ತೋರಿಸಬಾರದು. ಬೇಕಾದ ಸಾಲುಗಳನ್ನು ಹೊಸದಾಗಿ ಟೈಪ್ ಮಾಡಿ ಅದರ ಮೇಲೆ ಪ್ರಶ್ನೆ ಕೇಳಬೇಕು. ಪ್ರಕಟಿಸುವ ಮೊದಲು ಫೋಟೊ ಮತ್ತು ಪಿಡಿಎಫ್ ಫೈಲುಗಳ ಒಳಗಿನ ಮಾಹಿತಿ ಅಳಿಸಬೇಕು. 2012ರಲ್ಲಿ ಪತ್ರಿಕೆಯೊಂದು ತಲೆಮರೆಸಿಕೊಂಡಿದ್ದ, ಆ್ಯಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿಯ ಜೊತೆ ತೆಗೆದ ಫೋಟೊ ಹಾಕಿತು. ಫೋನು ಆ ಫೋಟೊದೊಳಗೆ ಜಾಗದ ಗುರುತನ್ನೂ ಬರೆದಿಟ್ಟಿತ್ತು, ಅವರು ಗ್ವಾಟೆಮಾಲಾದಲ್ಲಿ ಇದ್ದಾರೆ ಅಂತ ಜಗತ್ತಿಗೇ ತಿಳಿಯಿತು. ಇವೆಲ್ಲ ತಾಂತ್ರಿಕ ವಿಷಯ, ಐಟಿಯವರು ನೋಡಿಕೊಳ್ಳುತ್ತಾರೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಬ್ಬರ ಜೈಲುವಾಸಕ್ಕೂ ಬಿಡುಗಡೆಗೂ ನಡುವೆ ಕಾಗದದ ಒಂದು ಮಡಿಕೆ ಇದ್ದರೆ, ಆ ಮಡಿಕೆ ನೀತಿಯ ವಿಷಯವೇ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಹೊರಗಿನವರು ಇದರ ಬಗ್ಗೆ ಯೋಚಿಸುವುದೇ ಇಲ್ಲ. ಒಂದು ಕಚೇರಿಯಲ್ಲಿ ಒಂದು ಕಡತದ ಪೂರ್ತಿ ಲೆಕ್ಕ ಇಬ್ಬರಿಗೆ ಮಾತ್ರ ಗೊತ್ತು ಅಂದುಕೊಳ್ಳಿ. ವರದಿಯಲ್ಲಿ ಆ ಲೆಕ್ಕವನ್ನು ಪೈಸೆ ಸಮೇತ ಹಾಕಿದರೆ ಹೆಸರು ಬರೆಯದಿದ್ದರೂ ಬರೆದ ಹಾಗೇ. ನೀವು ಪ್ರತಿಕ್ರಿಯೆಗಾಗಿ ಕಳಿಸುವ ಪ್ರಶ್ನೆಗಳ ಕ್ರಮ ನೋಡಿಯೂ ಒಳಗಿನವರು ಊಹಿಸುತ್ತಾರೆ. ಅದಕ್ಕೇ ಅನುಭವ ಇರುವವರು ಗುಟ್ಟಾಗಿ ಸಿಕ್ಕ ದಾಖಲೆಯನ್ನು ನಕ್ಷೆಯ ಹಾಗೆ ಮಾತ್ರ ಬಳಸುತ್ತಾರೆ. ಅದು ತೋರಿಸಿದ ದಾರಿಯಲ್ಲಿ ಹೋಗಿ, ಅದೇ ವಿಷಯವನ್ನು ಸಾರ್ವಜನಿಕ ದಾಖಲೆಯಿಂದ, ಕೋರ್ಟ್ ಕಡತದಿಂದ, ಕಂಪನಿ ನೋಂದಣಿಯಿಂದ, ಮಾಹಿತಿ ಹಕ್ಕಿನ ಅರ್ಜಿಯಿಂದ ಇನ್ನೊಮ್ಮೆ ತೆಗೆಯುತ್ತಾರೆ. ತಿಂಗಳುಗಳು ಹಿಡಿಯಬಹುದು. ಆದರೆ ಆಮೇಲೆ ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲು ಬೇರೆ ಬಾಗಿಲು ಇರುತ್ತದೆ. ಸ್ವೀಡನ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. 1766ರಲ್ಲೇ ಅಲ್ಲಿ ಪತ್ರಿಕಾ ಸ್ವಾತಂತ್ರ್ಯದ ಕಾಯ್ದೆ ಬಂತು, ಸರ್ಕಾರಿ ಕಾಗದ ನೋಡುವ ಹಕ್ಕು ಅದರಲ್ಲೇ ಇತ್ತು. ಇವತ್ತು ಅಲ್ಲಿ ಪತ್ರಿಕೆಗೆ ಮಾಹಿತಿ ಕೊಟ್ಟವರು ಯಾರು ಅಂತ ಸರ್ಕಾರಿ ಕಚೇರಿ ಕೆದಕುವುದೇ ತಪ್ಪು. ಗುಟ್ಟು ಕಾಯುವ ಮಾತು ಕೊಟ್ಟ ಪತ್ರಕರ್ತ ಅದನ್ನು ಮುರಿದರೆ ಅವನಿಗೂ ಶಿಕ್ಷೆ ಉಂಟು. ಹೊಣೆ ಎರಡೂ ಕಡೆ ಇದೆ ಅನ್ನುವುದು ನನಗೆ ಹಿಡಿಸಿದ್ದು.

ಹೊಣೆ ಮರೆತರೆ ಏನಾಗುತ್ತದೆ ಅನ್ನುವುದಕ್ಕೆ 1998ರ ಸಿನ್ಸಿನಾಟಿ ಎನ್‌ಕ್ವೈರರ್ ಪತ್ರಿಕೆಯ ಪ್ರಕರಣ ನೋಡಬೇಕು. ಚಿಕೀಟಾ ಎಂಬ ಬಾಳೆಹಣ್ಣಿನ ಕಂಪನಿಯ ಬಗ್ಗೆ ಅವರು 18 ಪುಟದ ವಿಶೇಷ ವರದಿ ಹಾಕಿದರು. ವರ್ಷದ ಶ್ರಮ, ಗಂಭೀರ ಆರೋಪಗಳು. ಎರಡು ತಿಂಗಳು ಕಳೆಯುವ ಮೊದಲೇ ಮುಖಪುಟದಲ್ಲಿ ಕ್ಷಮೆ ಕೇಳಿ, 1 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟರು. ಯಾಕೆ ಅಂದರೆ ಮುಖ್ಯ ವರದಿಗಾರ ಕಂಪನಿಯವರ ವಾಯ್ಸ್‌ಮೇಲ್‌ಗಳನ್ನು ಕದ್ದು ಕೇಳಿದ್ದ. ಅಲ್ಲಿಗೆ ಚರ್ಚೆಯೆಲ್ಲ ಆ ಕಳ್ಳತನದ ಮೇಲೇ ನಿಂತಿತು. ಕಂಪನಿಯ ಬಗ್ಗೆ ಎತ್ತಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬರಲೇ ಇಲ್ಲ. ನನಗೆ ಇದಕ್ಕಿಂತ ಬೇಸರ ತರಿಸುವುದು ಮುಂದಿನ ಭಾಗ. ತಪ್ಪೊಪ್ಪಿಕೊಂಡ ಆ ವರದಿಗಾರ ಸರ್ಕಾರಿ ವಕೀಲರಿಗೆ ಸಹಕರಿಸುತ್ತಾ ತನ್ನ ಸೋರ್ಸ್ ಆಗಿದ್ದ, ಅದೇ ಕಂಪನಿಯ ಮಾಜಿ ವಕೀಲನ ಗುರುತು ಬಿಟ್ಟುಕೊಟ್ಟ. ಆ ವಕೀಲನ ಮೇಲೂ ಕೇಸು ನಡೆಯಿತು. ಎಂಥ ದೊಡ್ಡ ಕಂಪನಿಯ ಎದುರು ಶುರುವಾದ ತನಿಖೆ, ಕೊನೆಗೆ ಕಟಕಟೆಯಲ್ಲಿ ನಿಂತವರು ಯಾರು ನೋಡಿ.

ವೇಷ ಹಾಕಿಕೊಂಡು ಒಳಗೆ ಹೋಗುವುದು, ಕ್ಯಾಮೆರಾ ಬಚ್ಚಿಟ್ಟುಕೊಳ್ಳುವುದು ಸರಿಯಾ ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. 1887ರಲ್ಲಿ ನೆಲ್ಲಿ ಬ್ಲೈ ಮಾನಸಿಕ ರೋಗಿಯ ಹಾಗೆ ನಟಿಸಿ ನ್ಯೂಯಾರ್ಕಿನ ಬ್ಲ್ಯಾಕ್‌ವೆಲ್ಸ್ ದ್ವೀಪದ ಆಸ್ಪತ್ರೆಯಲ್ಲಿ 10 ದಿನ ಕಳೆದು ಬಂದು ಬರೆದಾಗ ಅಲ್ಲಿಯ ಸ್ಥಿತಿ ತನಿಖೆಗೆ ಬಂತು, ಅನುದಾನ ಹೆಚ್ಚಿತು. 1978ರಲ್ಲಿ ಷಿಕಾಗೋ ಸನ್-ಟೈಮ್ಸ್ ಒಂದು ಬಾರನ್ನೇ ಕೊಂಡು ನಡೆಸಿ, ಲಂಚ ಕೇಳಲು ಬಂದ ಇನ್‌ಸ್ಪೆಕ್ಟರ್‌ಗಳ ಬಗ್ಗೆ ಬರೆಯಿತು. ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಈ ಮೋಸದ ವಿಧಾನ ಒಪ್ಪದೆ ಪ್ರಶಸ್ತಿ ಕೊಡಲಿಲ್ಲ. ಇವೆರಡರಲ್ಲೂ ಪತ್ರಕರ್ತರು ಅಪಾಯವನ್ನು ತಮ್ಮ ಮೇಲೆ ತೆಗೆದುಕೊಂಡಿದ್ದರು. 1981ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಅಶ್ವಿನಿ ಸರೀನ್ ಹೆಣ್ಣುಮಕ್ಕಳ ಮಾರಾಟ ನಡೆಯುತ್ತಿದೆ ಅಂತ ಸಾಬೀತು ಮಾಡಲು ಒಬ್ಬ ಮಹಿಳೆಯನ್ನು 2,300 ರೂಪಾಯಿಗೆ ಕೊಂಡೇ ಬಂದರು. ಅದು ದೇಶವನ್ನೇ ಅಲ್ಲಾಡಿಸಿತು. ಕೊಳ್ಳುವ ಮೊದಲೇ ಮೇಲಿನವರಿಗೆ ತಿಳಿಸಿದ್ದರು, ಉದ್ದೇಶ ಒಳ್ಳೆಯದೇ ಇತ್ತು ಅನ್ನುವ ವಾದವನ್ನೆಲ್ಲ ಒಪ್ಪಬಹುದು. ಆದರೆ ಆ ಇಡೀ ಕಥೆಯಲ್ಲಿ ಆ ಹೆಂಗಸನ್ನು ಯಾರಾದರೂ ಕೇಳಿದರಾ, ನಿನ್ನನ್ನು ಸಾಕ್ಷಿಯಾಗಿ ಬಳಸಲಾ ಅಂತ? ಮಾರಿದವರೂ ಕೇಳಲಿಲ್ಲ, ಮಾರಾಟ ತಪ್ಪು ಅಂತ ತೋರಿಸಲು ಹೊರಟವರೂ ಕೇಳಲಿಲ್ಲ ಅಂದರೆ ಅದನ್ನು ನಾನು ಸಮರ್ಥಿಸಿಕೊಳ್ಳಲಾರೆ. ಈ ಮಾತಿಗೆ ನನ್ನ ಸಹೋದ್ಯೋಗಿಗಳಲ್ಲೇ ಹಲವರು ಒಪ್ಪುವುದಿಲ್ಲ. ಅದು ನಡೆಯದಿದ್ದರೆ ಯಾರೂ ನಂಬುತ್ತಲೇ ಇರಲಿಲ್ಲ ಅನ್ನುತ್ತಾರೆ. ಇರಬಹುದು.

ಬಿಬಿಸಿಯ ನಿಯಮಗಳಲ್ಲಿ ಒಂದು ಒಳ್ಳೆಯ ಅಡ್ಡಗೋಡೆ ಇದೆ. ತಪ್ಪು ನಡೆಯುತ್ತಿದೆ ಅನ್ನುವುದಕ್ಕೆ ಮೊದಲೇ ಒಂದಿಷ್ಟು ಆಧಾರ ಇರಬೇಕು, ಆಮೇಲೆ ಗುಪ್ತ ಕ್ಯಾಮೆರಾ. ಏನಾದರೂ ಸಿಗಬಹುದು ಅಂತ ಸುಮ್ನೆ ಬಲೆ ಬೀಸಲು ಹೋಗುವ ಹಾಗಿಲ್ಲ. ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಬೇಕು ಅನ್ನಿಸುತ್ತದೆ: ಈ ಕ್ಯಾಮೆರಾದಲ್ಲಿ ಮುಖ ಕಾಣುವುದು ಯಾರದು? ಸ್ಟಿಂಗ್ ವಿಡಿಯೊಗಳಲ್ಲಿ ಹೆಚ್ಚಾಗಿ ಸಿಗುವುದು ಕೌಂಟರಿನ ಹಿಂದೆ ಕೂತವರು, ಗೇಟಿನವರು, ಏಜೆಂಟರು. ದುಡ್ಡು ಎಲ್ಲಿಗೆ ಹೋಗಿ ಸೇರುತ್ತದೋ ಅಲ್ಲಿ ಕ್ಯಾಮೆರಾ ಹೋಗುವುದೇ ಇಲ್ಲ. 2007ರಲ್ಲಿ ದೆಹಲಿಯಲ್ಲಿ ಒಬ್ಬ ಶಾಲಾ ಶಿಕ್ಷಕಿಯ ಮೇಲೆ ಟಿವಿ ಚಾನೆಲ್ ಒಂದು ಸ್ಟಿಂಗ್ ಹಾಕಿತು, ಜನ ಶಾಲೆಗೇ ನುಗ್ಗಿ ಆಕೆಯನ್ನು ಹೊಡೆದರು, ಬಟ್ಟೆ ಹರಿದರು. ಆಮೇಲೆ ಗೊತ್ತಾಯಿತು, ಆ ಸ್ಟಿಂಗೇ ನಕಲಿ. ಚಾನೆಲ್ ಒಂದು ತಿಂಗಳು ಪ್ರಸಾರ ನಿಲ್ಲಿಸಬೇಕಾಯಿತು. ಒಂದು ತಿಂಗಳು!

ಖಾತ್ರಿ ಮಾಡಿಕೊಳ್ಳುವುದು ಬರೀ ನಮ್ಮ ಮರ್ಯಾದೆಯ ಪ್ರಶ್ನೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಕ್ಟೋಬರ್ 1972ರ ಒಂದು ಘಟನೆ ಹೇಳುತ್ತೇನೆ. ವಾಟರ್‌ಗೇಟ್ ತನಿಖೆಯ ನಡುವೆ ಬರ್ನ್‌ಸ್ಟೀನ್‌ಗೆ ಒಂದು ವಿಷಯ ಖಾತ್ರಿ ಆಗಬೇಕಿತ್ತು. ಅಧ್ಯಕ್ಷರ ಆಪ್ತ ಹಾಲ್ಡೆಮನ್ ಗುಪ್ತ ನಿಧಿಯನ್ನು ನಿಯಂತ್ರಿಸುತ್ತಿದ್ದರು ಅಂತ ಸಾಕ್ಷಿಯೊಬ್ಬರು ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕಾ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಹೇಳಿದ್ದಾರಾ? ನ್ಯಾಯ ಇಲಾಖೆಯ ವಕೀಲರೊಬ್ಬರಿಗೆ ಫೋನ್ ಮಾಡಿ, ನಾನು ಹತ್ತರವರೆಗೆ ಎಣಿಸುತ್ತೇನೆ, ವರದಿ ತಡೆಯಬೇಕು ಅಂತಿದ್ದರೆ ಅಷ್ಟರಲ್ಲಿ ಫೋನ್ ಇಟ್ಟುಬಿಡಿ, ಸರಿ ಇದ್ದರೆ ಲೈನಿನಲ್ಲೇ ಇರಿ ಅಂದರು. ಎಣಿಸಿದರು. ವಕೀಲರು ಫೋನ್ ಇಡಲಿಲ್ಲ. ವರದಿ ಬಂತು. ವಕೀಲರು ಈ ಸನ್ನೆಯನ್ನು ತಿರುಗಾ ಮುರುಗಾ ಅರ್ಥ ಮಾಡಿಕೊಂಡಿದ್ದರು. ನಿಧಿಯ ಮೇಲೆ ಹಾಲ್ಡೆಮನ್ ಹಿಡಿತ ಇದ್ದದ್ದು ನಿಜವೇ. ಆದರೆ ಗ್ರ್ಯಾಂಡ್ ಜ್ಯೂರಿ ಮುಂದೆ ಆ ಸಾಕ್ಷಿಯನ್ನು ಅದರ ಬಗ್ಗೆ ಕೇಳಿಯೇ ಇರಲಿಲ್ಲ. ಶ್ವೇತಭವನ ಆ ಒಂದು ತಪ್ಪನ್ನು ಹಿಡಿದು ಇಡೀ ತನಿಖೆಯೇ ಸುಳ್ಳು ಅಂತ ಹರಿಹಾಯ್ದಿತು. ಮೌನವನ್ನು ಒಪ್ಪಿಗೆ ಅಂತ ತೆಗೆದುಕೊಂಡರೆ ಹೀಗೆ. ಅಷ್ಟು ದಿನ ಜೀವ ಕೈಯಲ್ಲಿ ಹಿಡಿದು ಮಾತಾಡಿದ್ದ ಸಣ್ಣಪುಟ್ಟ ಲೆಕ್ಕಿಗರ ಮಾತೆಲ್ಲ ಆ ಒಂದು ವಾಕ್ಯದ ಜೊತೆ ಮುಳುಗುವ ಹಾಗಾಗಿತ್ತು.

ರೋಲಿಂಗ್ ಸ್ಟೋನ್ ಪತ್ರಿಕೆ 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಅತ್ಯಾಚಾರ ಆರೋಪದ ಬಗ್ಗೆ ಹಾಕಿದ ವರದಿಯದ್ದೂ ಅದೇ ಪಾಠ. ದೂರು ಹೇಳಿದ ಯುವತಿಗೆ ನೋವಾಗಬಾರದು ಅಂತ ವರದಿಗಾರ್ತಿ ಆಕೆಯ ಮೂವರು ಗೆಳೆಯರನ್ನು ಮಾತಾಡಿಸಲಿಲ್ಲ, ಆರೋಪ ಹೊತ್ತವನನ್ನು ಹುಡುಕಿ ಕೇಳಲಿಲ್ಲ. 2015ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಪತ್ರಿಕೋದ್ಯಮ ಶಾಲೆಯ ಪರಿಶೀಲನೆಯ ನಂತರ ವರದಿಯನ್ನು ಹಿಂದೆಗೆದುಕೊಂಡರು. ಕನಿಕರದಿಂದಲೇ ಆದ ಅನ್ಯಾಯ ಇದು. ಆ ಯುವತಿಗೂ ಒಳ್ಳೆಯದಾಗಲಿಲ್ಲ. ನಿಜವಾಗಿ ಅತ್ಯಾಚಾರ ಎದುರಿಸಿ ಮಾತಾಡಲು ಹೊರಟ ಇತರರಿಗೆ, ಇವರು ಹೇಳುವುದೂ ಹಾಗೇ ಇರಬಹುದು ಅನ್ನುವ ಅನುಮಾನವನ್ನು ಹೊರಿಸಿದ ಹಾಗಾಯಿತು. ದಾಖಲೆ ಕೇಳುವುದು, ಇನ್ನೊಬ್ಬರನ್ನು ವಿಚಾರಿಸುವುದು ನೊಂದವರ ಮೇಲಿನ ಅಪನಂಬಿಕೆ ಅಲ್ಲ. ನಾಳೆ ಎದುರು ಪಕ್ಷದ ವಕೀಲ ಕೇಳುವ ಪ್ರಶ್ನೆಯನ್ನು ಇವತ್ತು ನಾವು ಮೆತ್ತಗೆ ಕೇಳಿದರೆ ಅವರಿಗೇ ಒಳ್ಳೆಯದು, ಮತ್ತು ಯಾಕೆ ಕೇಳುತ್ತಿದ್ದೇವೆ ಅಂತ ಹೇಳಿಯೇ ಕೇಳಬೇಕು.

ಪ್ರಕಟಿಸುವ ಮುಂಚಿನ ಕೊನೆಯ ಓದು ಹೇಗಿರುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ. ವರದಿಯ ಪ್ರತಿ ವಾಕ್ಯಕ್ಕೂ ನಂಬರು ಹಾಕಿ, ಪಕ್ಕದಲ್ಲಿ ಆಧಾರ ಬರೆಯಬೇಕು. ಈ ತನಿಖೆಯಲ್ಲಿ ಕೈ ಹಾಕದ ಒಬ್ಬರು ಎದುರು ಕೂತು ಒಂದೊಂದೇ ಸಾಲಿಗೆ "ಇದು ನಿನಗೆ ಹೇಗೆ ಗೊತ್ತು?" ಅಂತ ಕೇಳುತ್ತಾ ಹೋಗಬೇಕು. "ಅಧಿಕಾರಿಗೆ ಈ ಅಕ್ರಮ ಗೊತ್ತಿತ್ತು." ಹೇಗೆ ಗೊತ್ತು? ಕಡತಕ್ಕೆ ಅವರ ಸಹಿ ಇದೆ. ಸಹಿ ಇದ್ದರೆ ಓದಿದ್ದಾರೆ ಅಂತ ಅರ್ಥವಾ? ಹಾಗೇನೂ ಇಲ್ಲ. ಹಾಗಾದರೆ "ಇಂಥ ದಿನ ಆ ಕಡತಕ್ಕೆ ಅಧಿಕಾರಿ ಸಹಿ ಹಾಕಿದ್ದಾರೆ" ಅಂತ ಬರೆ, ಗೊತ್ತಿತ್ತಾ ಇಲ್ಲವಾ ಅಂತ ಅವರನ್ನೇ ಕೇಳು, ಅವರು ಹೇಳಿದ್ದನ್ನು ಹಾಕು. ಮುಂದಿನ ಸಾಲು. ಗಂಟೆಗಟ್ಟಲೆ ನಡೆಯುತ್ತದೆ, ವರದಿಗಾರರಿಗೆ ಸಿಟ್ಟು ಬರುತ್ತದೆ, ಖಾರವಾದ ವಾಕ್ಯಗಳೆಲ್ಲ ಸಪ್ಪೆ ಆಗುತ್ತವೆ. ಆಗಲಿ ಬಿಡಿ. ಹೀಗೆ ಓದುವಾಗಲೇ ಗೊತ್ತಾಗುವುದು, ಆ ನಾಲ್ಕನೇ ಪ್ಯಾರಾದಲ್ಲಿ ಬರುವ ದ್ವಿತೀಯ ದರ್ಜೆ ಸಹಾಯಕನ ಹೆಸರು ವರದಿಗೆ ಬೇಕಾಗಿಯೇ ಇಲ್ಲ ಅಂತ. ಅವನು ಮೇಲಿನಿಂದ ಬಂದ ಕಾಗದವನ್ನು ಮುಂದೆ ತಳ್ಳಿದ್ದಾನೆ. ಹುದ್ದೆ ಹೇಳಿದರೆ ಸಾಕು.

ಆರೋಪ ಹೊತ್ತವರಿಗೆ ಉತ್ತರ ಕೊಡಲು ಸಮಯ ಕೊಡುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಪ್ರತಿ ಆರೋಪವನ್ನೂ ಬರವಣಿಗೆಯಲ್ಲಿ, ಬಿಡಿಬಿಡಿಯಾಗಿ ಕಳಿಸಬೇಕು, ದಾಖಲೆ ತೆಗೆದು ನೋಡಿ ಉತ್ತರಿಸುವಷ್ಟು ದಿನ ಕೊಡಬೇಕು. ಸಂಜೆ ಏಳಕ್ಕೆ ಒಂದು ಫೋನ್ ಮಾಡಿ, ಎಂಟಕ್ಕೆ "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಬರೆಯುವುದು ಮೋಸ. ಅವರು ಕೋರ್ಟಿಗೆ ಹೋಗಿ ತಡೆ ತರುತ್ತಾರೆ ಅನ್ನುವ ಭಯ ಕೆಲವು ದೇಶಗಳಲ್ಲಿ ನಿಜ. ಅದನ್ನು ತೂಗಿ ನೋಡಬೇಕು. ಆದರೆ ಆ ಭಯ ಸೋಮಾರಿತನಕ್ಕೆ ನೆಪ ಆಗಬಾರದು. ಎಷ್ಟೋ ಸಲ ಅವರ ಉತ್ತರದಿಂದಲೇ ವರದಿ ಇನ್ನೂ ಗಟ್ಟಿಯಾಗುತ್ತದೆ. ಕೆಲವು ಸಲ ವರದಿಯನ್ನೇ ಕೈ ಬಿಡಬೇಕಾಗುತ್ತದೆ.

ಸಿಕ್ಕಿದ್ದನ್ನೆಲ್ಲ ಸುರಿಯುವ ಬಗ್ಗೆ ಒಂದೇ ಮಾತು. ಪನಾಮಾದ ಕಾನೂನು ಸಂಸ್ಥೆಯೊಂದರಿಂದ ಸೋರಿ ಬಂದ, ವಿದೇಶಿ ಕಂಪನಿಗಳ ಮೂಲಕ ದುಡ್ಡು ಬಚ್ಚಿಡುವುದನ್ನು ತೋರಿಸಿದ ಪನಾಮಾ ಪೇಪರ್ಸ್‌ನಲ್ಲಿ 1.15 ಕೋಟಿ ಕಡತಗಳಿದ್ದವು, 370ಕ್ಕೂ ಹೆಚ್ಚು ಪತ್ರಕರ್ತರು ಸುಮಾರು ಒಂದು ವರ್ಷ ಗುಟ್ಟಾಗಿ ಕೆಲಸ ಮಾಡಿ 2016ರ ಏಪ್ರಿಲ್ 3ರಂದು ಪ್ರಕಟಿಸಿದರು, ಆದರೆ ಮೂಲ ಕಡತಗಳನ್ನು ಇಡಿಯಾಗಿ ಹೊರಗೆ ಹಾಕಲಿಲ್ಲ, ಯಾಕೆಂದರೆ ಅವುಗಳಲ್ಲಿ ಯಾವ ತಪ್ಪೂ ಮಾಡದವರ ಪಾಸ್‌ಪೋರ್ಟ್, ಖಾತೆಯ ವಿವರಗಳೂ ಇದ್ದವು. ವಿಕಿಲೀಕ್ಸ್ 2011ರಲ್ಲಿ ಅಮೆರಿಕದ 2,51,287 ರಾಜತಾಂತ್ರಿಕ ಸಂದೇಶಗಳನ್ನು ಹೆಸರು ಅಳಿಸದೆ ಹಾಕಿದಾಗ ಅಲ್ಲಿಯವರೆಗೆ ಜೊತೆಗಿದ್ದ ಐದು ಪತ್ರಿಕೆಗಳೇ ಒಟ್ಟಾಗಿ ಖಂಡಿಸಿದವು. ಪನಾಮಾದ ಮೂಲ ಯಾರು ಅಂತ ಇವತ್ತಿಗೂ ಹೊರಗೆ ಬಂದಿಲ್ಲ.

ವರದಿಗಾರರೂ ಬೆಲೆ ತೆರುತ್ತಾರೆ, ಅದನ್ನು ಮರೆತು ಬರೆಯುತ್ತಿಲ್ಲ. ಮಾಲ್ಟಾದ ಡ್ಯಾಫ್ನೆ ಕರುವಾನಾ ಗಲೀಜಿಯಾ ಅವರನ್ನು 2017ರ ಅಕ್ಟೋಬರ್ 16ರಂದು ಕಾರಿನಲ್ಲಿ ಬಾಂಬ್ ಇಟ್ಟು ಕೊಂದರು. ಆಗ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ನಂತರ 15 ದೇಶಗಳ 45 ಪತ್ರಕರ್ತರು ಸೇರಿ ಅವರ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಿದರು. ಒಬ್ಬರನ್ನು ಕೊಂದರೆ ಸುದ್ದಿಯೂ ಸಾಯುತ್ತದೆ ಅನ್ನುವ ಲೆಕ್ಕ ತಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಒಬ್ಬರೇ ಗುಟ್ಟು ಹೊತ್ತು ತಿರುಗುವ ಹಳೆಯ ಹೀರೋಗಿರಿ ಬಿಟ್ಟು, ದಾಖಲೆಯ ಪ್ರತಿ ಇನ್ನೊಂದು ದೇಶದ ಇನ್ನೊಬ್ಬರ ಹತ್ತಿರವೂ ಇರುವ ಹಾಗೆ ಕೆಲಸ ಮಾಡಬೇಕು.

ಹೀಗೆ ಒಟ್ಟಾಗಿ ಮಾಡಿದ ಕೆಲಸದಲ್ಲೂ ಸೋರ್ಸ್ ಒಂಟಿಯಾಗಬಹುದು. 2014ರ ನವೆಂಬರ್‌ನಲ್ಲಿ ಬಂದ ಲಕ್ಸ್‌ಲೀಕ್ಸ್, ದೊಡ್ಡ ಕಂಪನಿಗಳು ಲಕ್ಸೆಂಬರ್ಗ್‌ನಲ್ಲಿ ತೆರಿಗೆ ಇಳಿಸಿಕೊಂಡಿದ್ದು ಹೇಗೆ ಅಂತ ತೋರಿಸಿತು. ದಾಖಲೆ ಹೊರಗೆ ತಂದಿದ್ದು ಲೆಕ್ಕಪರಿಶೋಧನೆ ಸಂಸ್ಥೆಯೊಂದರ ಇಬ್ಬರು ನೌಕರರು, ಆಂಟ್ವಾನ್ ಡೆಲ್ಟೂರ್ ಮತ್ತು ರಾಫೆಲ್ ಹಾಲೆ. 2016ರಲ್ಲಿ ಇವರಿಬ್ಬರ ಜೊತೆ ಫ್ರಾನ್ಸಿನ ಪತ್ರಕರ್ತ ಎಡ್ವರ್ ಪೆರಾಂ ಮೇಲೂ ವಿಚಾರಣೆ ನಡೆಯಿತು. ಪತ್ರಕರ್ತ ಖುಲಾಸೆ ಆದರು, ನೌಕರರಿಬ್ಬರೂ ತಪ್ಪಿತಸ್ಥರಾದರು. ಡೆಲ್ಟೂರ್ ಮೇಲಿನ ತೀರ್ಪು 2018ರಲ್ಲಿ ರದ್ದಾಯಿತು. ಹಾಲೆಗೆ ಹಾಕಿದ 1,000 ಯೂರೋ ದಂಡ ಉಳಿಯಿತು. ಅದನ್ನು ಪ್ರಶ್ನಿಸಿ ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು, ಒಮ್ಮೆ ಸೋತರು, ಕೊನೆಗೆ 2023ರ ಫೆಬ್ರುವರಿಯಲ್ಲಿ ಅಲ್ಲಿಯ ದೊಡ್ಡ ಪೀಠ ಅವರ ಪರ ತೀರ್ಪು ಕೊಟ್ಟಿತು. ಯುರೋಪಿಯನ್ ಒಕ್ಕೂಟ 2019ರಲ್ಲಿ ಇಂಥವರ ರಕ್ಷಣೆಗೆ ನಿಯಮ ಮಾಡಿದೆ, ಒಳ್ಳೆಯದು. ಆದರೆ ಕಾನೂನು ಇದ್ದರೂ ವಕೀಲರಿಗೆ ದುಡ್ಡು ಕೊಡಬೇಕು, ಕೆಲಸ ಹೋದ ತಿಂಗಳುಗಳಲ್ಲಿ ಮನೆ ನಡೆಯಬೇಕು.

ಹಾಗಾಗಿ ಸುದ್ದಿ ಸಂಸ್ಥೆಗಳಿಗೆ ನನ್ನ ಒತ್ತಾಯ ಇಷ್ಟು. ವರದಿ ಬರುವ ಮುಂಚಿನ ದಿನ ಸೋರ್ಸ್‌ಗೆ ತಿಳಿಸಿ, ಯಾವ ಹೊತ್ತಿಗೆ ಬರುತ್ತದೆ, ಏನೇನು ಬರುತ್ತದೆ, ಮನೆಯವರಿಗೆ ಏನು ಹೇಳಬೇಕು ಅಂತ. ವರದಿ ಬಂದು ಎಲ್ಲರೂ ಮರೆತ ಮೇಲೂ, ಅವರಿಗೆ ಅಪಾಯ ಆಗದ ದಾರಿಯಲ್ಲಿ, ಅವರನ್ನು ವಿಚಾರಿಸಿಕೊಳ್ಳುತ್ತಿರಿ. ತನಿಖೆಯ ಖರ್ಚಿನ ಪಟ್ಟಿ ಮಾಡುವಾಗ ಪ್ರಯಾಣ, ಅನುವಾದ, ನಮ್ಮ ವಕೀಲರು ಅಂತ ಬರೆಯುತ್ತೀರಲ್ಲ, ಅದರ ಕೆಳಗೆ ಸೋರ್ಸ್‌ನ ವಕೀಲರಿಗೂ ಒಂದು ಸಾಲು ಸೇರಿಸಿ. ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ ಅಂತಾದರೆ, ಅದನ್ನೂ ಅವರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಕಾಗದ ಕೊಡಬೇಕಾ ಬೇಡವಾ ಅಂತ ಅವರು ಆಮೇಲೆ ತೀರ್ಮಾನ ಮಾಡಲಿ.